ಸೋದರಮಾವನ ಸಹಿ

ನಮ್ಮ ಬೀದಿಯ ಕಳ್ಳರ ಬಗ್ಗೆ ಒಂದು ಒಳ್ಳೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅವರಿಗೆ ಭೇದಭಾವ ಇರಲಿಲ್ಲ. ಸ್ವಂತ ಮನೆಯವರು, ಬಾಡಿಗೆಯವರು, ನಿನ್ನೆ ಬಂದವರು ಎಂದು ನೋಡದೆ ಎಲ್ಲರ ಬಾಗಿಲ ಮುಂದೆಯೂ ಸಮಾನವಾಗಿ ಕೈಯಾಡಿಸುತ್ತಿದ್ದರು. ಸೈಕಲ್ಲಿನ ಬೆಲ್ಲು, ಸ್ಕೂಟರಿನ ಕನ್ನಡಿ, ತಂತಿಯ ಮೇಲಿನ ಟವೆಲು, ಅಂಗಳದ ನಲ್ಲಿ. ಒಮ್ಮೆ ನೆಲಮಹಡಿಯ ಮೇಷ್ಟ್ರ ಮನೆಯ ಕರೆಗಂಟೆಯ ಗುಂಡಿಯನ್ನೇ ಕಿತ್ತುಕೊಂಡು ಹೋದರು. ಗುಂಡಿ ಹೋದ ಮೇಲೆ ಗಂಟೆ ಯಾರೂ ಒತ್ತದೆಯೇ ಹೊಡೆದುಕೊಳ್ಳತೊಡಗಿತು. ಮೇಷ್ಟ್ರು ಎರಡು ದಿನ ಬಾಗಿಲು ತೆರೆದು ತೆರೆದು ಸುಸ್ತಾಗಿ, ಮೂರನೆಯ ದಿನ ನಿಜವಾಗಿ ಬಂದ ಸ್ವಂತ ತಂಗಿಗೂ ತೆರೆಯಲಿಲ್ಲ. ಆಕೆ ಇವತ್ತಿಗೂ ಅವರ ಜೊತೆ ಮಾತು ಬಿಟ್ಟಿದ್ದಾಳೆ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೆವು. ಆದರೆ ಒಂದು ಸೋಮವಾರ ಬೆಳಿಗ್ಗೆ ನನ್ನ ಮಗಳ ಶೂ ಹೋಯಿತು.

ಅದು ಸಾಧಾರಣ ಶೂ ಅಲ್ಲ. ಮಗಳಿಗೆ ಹದಿಮೂರು ವರ್ಷ, ಓಡುತ್ತಾಳೆ. ಮನೆಯಲ್ಲಿ ಬೇರೆ ಯಾರೂ ಬಸ್ಸು ಹಿಡಿಯಲು ಕೂಡ ಓಡಿದವರಲ್ಲ. ಇವಳಿಗೆ ಎಲ್ಲಿಂದ ಬಂತೋ. ಅವಳ ಎಡಗಾಲು ಬಲಗಾಲಿಗಿಂತ ಒಂದೂವರೆ ಅಳತೆ ದೊಡ್ಡದು. ಅಂಗಡಿಯವರು ಜೋಡಿ ಒಡೆದು ಕೊಡುವುದಿಲ್ಲ. ಕೊನೆಗೆ ಮಾರುಕಟ್ಟೆಯ ಹಿಂದೆ ಶೂ ಹೊಲಿಯುವ ಅಜ್ಜನೊಬ್ಬ ಎರಡು ತಿಂಗಳು ಕೂತು, ಎಡಗಾಲಿಗೆ ಐದೂವರೆ, ಬಲಗಾಲಿಗೆ ನಾಲ್ಕು ಅಳತೆಯ ಒಂದು ಜೋಡಿ ಮಾಡಿಕೊಟ್ಟ. ಎಡಗಾಲಿನ ಒಳ ಅಟ್ಟೆಯ ಕೆಳಗೆ ಮೆತ್ತನೆಯ ತೊಗಲು ಬೇಕು ಎಂದಾಗ ನಾನೇ ಹಳೆಯ ಕಂಡಕ್ಟರ್ ಚೀಲವೊಂದನ್ನು ತಂದುಕೊಟ್ಟಿದ್ದೆ. ಶೂ ಮುಗಿಸಿದ ಅಜ್ಜ, "ಇನ್ನು ಕಣ್ಣು ಸಾಲದು ಕಂದಾ, ಇದೇ ಕೊನೇದು" ಎಂದು ಉಳಿ ಕೆಳಗಿಟ್ಟ. ಅಂದರೆ ಲೋಕದಲ್ಲಿ ನನ್ನ ಮಗಳ ಕಾಲಿಗೆ ಆಗುವ ಶೂ ಅದೊಂದೇ ಜೋಡಿ. ಬರುವ ವಾರದ ಶನಿವಾರ ಶಾಲೆಗಳ ನಡುವೆ ಎಂಟುನೂರು ಮೀಟರ್ ಓಟ. ಮೊದಲಿಬ್ಬರಿಗೆ ಕ್ರೀಡಾಶಾಲೆಯಲ್ಲಿ ಸೀಟು. ಬೇರೆ ಶೂನಲ್ಲಿ ಅವಳು ಓಡಿದರೆ ಬಲಗಾಲು ಒಳಗೇ ಈಜುತ್ತದೆ, ಇಲ್ಲವೇ ಎಡಗಾಲಿಗೆ ಬೊಬ್ಬೆ ಏಳುತ್ತದೆ.

"ಅಳಬೇಡ ಕಂದಾ," ಎಂದೆ. "ಓಟದ ದಿನದೊಳಗೆ ನಿನ್ನ ಶೂ ತಂದುಕೊಡೋ ಜವಾಬ್ದಾರಿ ನಂದು. ಕಳೆದುಹೋದದ್ದನ್ನ ಹುಡುಕಿಕೊಡೋದೇ ನಿಮ್ಮಪ್ಪನ ಕೆಲಸ."

"ಅಪ್ಪಾ, ನಿಮ್ಮ ಕೊಡೆ ಸಿಕ್ತಾ?" ಎಂದಳು ಮಗಳು.

ಈ ಪ್ರಶ್ನೆಯ ಹಿನ್ನೆಲೆ ಸ್ವಲ್ಪ ಹೇಳಬೇಕು. ನಾನು ಬಸ್ ಕಂಪನಿಯ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಜನ ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನೆಲ್ಲ ನನ್ನ ಮೇಜಿಗೆ ಬರುತ್ತದೆ. ಪ್ರತಿಯೊಂದಕ್ಕೂ ಚೀಟಿ ಕಟ್ಟಿ, 'ಏಳನೇ ನಮೂನೆ' ಎಂಬ ಅಚ್ಚಾದ ಹಾಳೆಯನ್ನು ಮೂರು ಪ್ರತಿ ತುಂಬಿ, ಸಾಮಾನು ಇಟ್ಟುಕೊಳ್ಳುವ ಡಿಪೋದವರಿಂದ ಸಹಿ ಹಾಕಿಸುತ್ತೇನೆ. ಬಿಳಿ ಪ್ರತಿ ಆ ಡಿಪೋದವರಿಗೆ, ಹಳದಿ ನನಗೆ, ಗುಲಾಬಿ ಬಣ್ಣದ್ದು ಕೇಂದ್ರ ಕಚೇರಿಗೆ. ಹತ್ತೊಂಬತ್ತು ವರ್ಷದ ಅಭ್ಯಾಸ. ಹಾಳೆಯ ಮೇಲೆ ಏನು ಅಚ್ಚಾಗಿದೆ ಎಂದು ಓದುವುದನ್ನು ನಾನು ಎರಡನೆಯ ವರ್ಷವೇ ಬಿಟ್ಟಿದ್ದೆ. ಇಷ್ಟೆಲ್ಲ ಶಿಸ್ತಿನ ನಡುವೆ ನನ್ನ ಸ್ವಂತ ಕೊಡೆ ಹೋದ ವರ್ಷ ನನ್ನದೇ ವಿಭಾಗದಲ್ಲಿ ಕಳೆದುಹೋಗಿತ್ತು. ಅದು ಇನ್ನೂ ಸಿಕ್ಕಿರಲಿಲ್ಲ. ಈ ಒಂದು ವಿಷಯ ಮನೆಯಲ್ಲಿ ದಿನಕ್ಕೆರಡು ಸಲ ಬರುತ್ತಿತ್ತು.

ಆಫೀಸಿಗೆ ಅರ್ಧ ದಿನ ರಜೆ ಹೇಳಿ ಪೊಲೀಸ್ ಠಾಣೆಗೆ ಹೋದೆ.

"ಏನು ಕಳ್ಕೊಂಡ್ರಿ?" ಎಂದರು ಇನ್ಸ್‌ಪೆಕ್ಟರು.

"ಶೂ ಸಾರ್. ಎಡಗಾಲು ಐದೂವರೆ, ಬಲಗಾಲು ನಾಲ್ಕು."

"ಎರಡು ಜೋಡೀನಾ?"

"ಒಂದೇ ಜೋಡಿ ಸಾರ್."

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ನನ್ನನ್ನು, ನನ್ನ ಕಾಲುಗಳನ್ನು, ಮತ್ತೆ ನನ್ನನ್ನು ನೋಡಿದರು. "ನೋಡಿ, ನಿಮ್ಮ ಬೀದೀಲಿ ಎಷ್ಟು ಜನ ಕಳ್ಳರಿದಾರೆ ಅಂತ ಕಳ್ಳರಿಗೇ ಗೊತ್ತಿಲ್ಲ. ಒಬ್ಬೊಬ್ಬನ ಹಿಂದೆ ಓಡ್ತಾ ಹೋದ್ರೆ ನಾನು ಓಡ್ತಾನೇ ರಿಟೈರ್ ಆಗ್ತೀನಿ. ಅದೇ ಮೇಲ್ಬೀದಿ ನೋಡಿ. ಅಲ್ಲಿ ಸೋದರಮಾವ ಇದಾನೆ. ಒಬ್ಬನೇ. ಏನಾದ್ರೂ ಆಯ್ತಾ, ಒಂದು ಫೋನು. ಮುಗೀತು. ನೂರು ಜನರನ್ನ ಹಿಡಿಯೋದಕ್ಕಿಂತ ಒಬ್ಬನ್ನ ಹಿಡಿಯೋದು ಸುಲಭ ಅಲ್ವಾ?"

"ಹಾಗಾದ್ರೆ ಅವನನ್ನ ಹಿಡಿದಿದೀರಾ ಸಾರ್?"

"ಬೇಕಾದಾಗ ಹಿಡೀಬಹುದು ಅಂತ ಹೇಳಿದ್ದು!" ಎಂದು ಇನ್ಸ್‌ಪೆಕ್ಟರು ಗದರಿದರು. ನಾನು ಬೆಂಚಿನ ಮೇಲೆ ಊಟದ ಕ್ಯಾರಿಯರ್ ಮರೆತು ಮನೆಗೆ ಬಂದೆ.

ಸೋದರಮಾವ ಎಂಬುದು ಊರೆಲ್ಲ ಸೇರಿ ಇಟ್ಟ ಹೆಸರು. ಯಾರ ಮನೆಯ ಸಮಾರಂಭಕ್ಕಾದರೂ ಕರೆಯದೆ ಬಂದು, ಮುಂದಿನ ಸಾಲಿನಲ್ಲಿ ಕೂತು, ಮನೆಯವರಿಗೇ "ಯಾಕೆ ನಿಂತಿದೀರಿ, ಕೂತ್ಕೊಳ್ಳಿ" ಎನ್ನುವವನು. ಹೊಡೆದಾಟ, ಬೆದರಿಕೆ, ಖಾಲಿ ಜಾಗಗಳಿಗೆ ಬೇಲಿ ಹಾಕುವುದು, ಅವನ ಕಸುಬು ಇಂಥದ್ದು. ಆದರೆ ಮೇಲ್ಬೀದಿ ಅವನ ಆಳ್ವಿಕೆಗೆ ಬಂದ ಮೇಲೆ ಅಲ್ಲಿ ಕಳ್ಳತನವೇ ಇಲ್ಲ. ಅಲ್ಲಿ ತಂತಿಯ ಮೇಲಿನ ಬಟ್ಟೆ ಒಣಗಿ, ನೆಂದು, ಮತ್ತೆ ಒಣಗಿದರೂ ಯಾರೂ ಮುಟ್ಟುವುದಿಲ್ಲ; ಮನೆಯವರೇ ಮುಟ್ಟಲು ಹೆದರುತ್ತಾರೆ ಎಂದೂ ಕೆಲವರು ಹೇಳುತ್ತಿದ್ದರು.

ಮಂಗಳವಾರ ಸಂಜೆ ನಮ್ಮ ಕಟ್ಟಡದ ಹನ್ನೆರಡು ಮನೆಯವರ ಸಭೆ ಮೆಟ್ಟಿಲ ಮೇಲೆ ಸೇರಿತು. ಅಧ್ಯಕ್ಷರು ಮೇಷ್ಟ್ರು. ಮೂವತ್ತೈದು ವರ್ಷ ರೇಖಾಗಣಿತ ಕಲಿಸಿದವರು. ಮಾತಾಡುವಾಗ ಕೈಯಲ್ಲಿ ಸೀಮೆಸುಣ್ಣ ಇಲ್ಲದಿದ್ದರೆ ಅವರಿಗೆ ಆಗುವುದಿಲ್ಲ.

"ವೃತ್ತ ಅಂದ ಮೇಲೆ ಒಂದು ಕೇಂದ್ರ ಬೇಕು," ಎಂದು ಗೋಡೆಯ ಮೇಲೆ ವೃತ್ತ ಎಳೆದರು. "ಮೇಲ್ಬೀದಿಯ ಅಪರಾಧಕ್ಕೆ ಕೇಂದ್ರ ಇದೆ. ನಮ್ಮದಕ್ಕೆ ಇಲ್ಲ. ಚೆಲ್ಲಾಪಿಲ್ಲಿ. ಆದ್ದರಿಂದ ಸೋದರಮಾವನ್ನ ಕರೆಸಬೇಕು. ಅವನೂ ಕೆಟ್ಟವನೇ, ಇಲ್ಲ ಅನ್ನಲ್ಲ. ಆದ್ರೆ ವ್ಯವಸ್ಥಿತವಾಗಿ ಕೆಟ್ಟವನು."

ಮೊದಲ ಮಹಡಿಯ ನರ್ಸಮ್ಮ ಎದ್ದು ನಿಂತರು. ಆಸ್ಪತ್ರೆಯಿಂದ ನೇರ ಬಂದಿದ್ದರು, ಸಮವಸ್ತ್ರ ಕೂಡ ಬದಲಿಸಿರಲಿಲ್ಲ. "ಮೇಷ್ಟ್ರೇ, ಮೈಮೇಲೆ ಹತ್ತು ಸಣ್ಣ ಗಾಯ ಇದ್ರೆ ಹತ್ತಕ್ಕೂ ಮುಲಾಮು ಹಚ್ಚಬೇಕು. ಹತ್ತನ್ನೂ ಸೇರಿಸಿ ಒಂದೇ ದೊಡ್ಡ ಗಾಯ ಮಾಡ್ಕೊಂಡ್ರೆ ನೋಡ್ಕೊಳ್ಳೋಕೆ ಸುಲಭ ಅಂತ ನಮ್ಮ ಆಸ್ಪತ್ರೇಲಿ ಯಾರೂ ಹೇಳ್ಕೊಟ್ಟಿಲ್ಲ."

"ಅದು ವೈದ್ಯಶಾಸ್ತ್ರ. ಇದು ಸಮಾಜಶಾಸ್ತ್ರ."

"ನೀವು ಕಲಿಸಿದ್ದು ರೇಖಾಗಣಿತ!"

ಕೈ ಎತ್ತಿಸಿದರು. ಹನ್ನೆರಡು ಮನೆಗೆ ಹದಿಮೂರು ಕೈ ಬಂತು. ವಿಚಾರಿಸಿದಾಗ ನಾನು ಎರಡು ಸಲವೂ ಎತ್ತಿದ್ದೆ ಎಂದು ತಿಳಿಯಿತು. ಮೇಷ್ಟ್ರು ಮಾತಾಡುವಾಗ ಅವರದು ಸರಿ ಅನಿಸಿತ್ತು, ನರ್ಸಮ್ಮ ಮಾತಾಡುವಾಗ ಅವರದು. ಕೊನೆಗೆ ಮೇಷ್ಟ್ರ ಪಕ್ಷ ಗೆದ್ದಿತು. ಎರಡೂ ಪಕ್ಷಕ್ಕೆ ಬೇಕಾದವನು ಎಂಬ ಕಾರಣಕ್ಕೆ ಸೋದರಮಾವನ ಬಳಿ ಹೋಗುವ ಕೆಲಸವನ್ನು ನನಗೇ ಹಚ್ಚಿದರು.

ಬರಿಗೈಯಲ್ಲಿ ಹೋಗಿ ಏನು ಹೇಳುವುದು? ಕಟ್ಟಡದಲ್ಲಿ ವರ್ಷವಿಡೀ ಕಳುವಾದ ವಸ್ತುಗಳ ಪಟ್ಟಿ ಮಾಡಿದೆ. ಒಟ್ಟು ಅರವತ್ತಮೂರು. ವಸ್ತು, ಬಣ್ಣ, ಹೋದ ದಿನ, ಗುರುತು ಎಂದು ಅಂಕಣ ಬೇಕಿತ್ತು. ಅಂಕಣ ಎಳೆದಿಟ್ಟ ಹಾಳೆ ನನ್ನ ಚೀಲದಲ್ಲೇ ಇತ್ತಲ್ಲ! ಏಳನೇ ನಮೂನೆಯಲ್ಲಿ ಅಚ್ಚುಕಟ್ಟಾಗಿ ತುಂಬಿದೆ. 'ಡಿಪೋದ ಹೆಸರು' ಎಂದಿದ್ದ ಕಡೆ 'ಸೋದರಮಾವ, ಪೀಠೋಪಕರಣದ ಅಂಗಡಿಯ ಮೇಲೆ, ಮೇಲ್ಬೀದಿ' ಎಂದು ಬರೆದೆ. ನಲವತ್ತೊಂದನೆಯ ಸಾಲಿನಲ್ಲಿ ಮಗಳ ಶೂ.

ಬುಧವಾರ ಹೋದೆ. ಮೆಟ್ಟಿಲ ಬುಡದಲ್ಲಿ 'ಮೀಸೆ' ಎಂದು ಹೆಸರಾದ ಸೋದರಮಾವನ ಬಲಗೈ ಬಂಟ ನನ್ನನ್ನು ತಡೆದ. ಅವನ ಮುಖದಲ್ಲಿ ಮೀಸೆಗೆ ಹೆಚ್ಚಿನ ಜಾಗ, ಕಣ್ಣು ಮೂಗಿಗೆಲ್ಲ ಉಳಿದದ್ದು.

"ಯಾರ್ರೀ? ಯಾರಿಗೆ ಹೊಡೆಸಬೇಕು?"

"ಮನವಿ ಕೊಡಬೇಕಿತ್ತು," ಎಂದೆ.

ಮೀಸೆಗೆ ಆ ಪದ ಹೊಸದು. ನನ್ನನ್ನು ಮೇಲೆ ಕರೆದೊಯ್ದ. ಒಳಗೆ ಮೀನಿನ ತೊಟ್ಟಿಯ ಪಕ್ಕ ಸೋದರಮಾವ ಕೂತಿದ್ದ. ದುಂಡು ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಕಣ್ಣು ತುಂಬಿ ಬಂತು ಎಂದರೆ ನೀವು ನಂಬಬೇಕು.

"ಮೀಸೆ, ನೋಡೋ ಇಲ್ಲಿ! ಇಪ್ಪತ್ತು ವರ್ಷ ಆಯ್ತು ಈ ಲೈನಿಗೆ ಬಂದು. ಎಲ್ಲಾ ಕಡೆ ನಾವೇ ಹೋಗಿ ಹೆದರಿಸಿ ಒಪ್ಪಿಸಬೇಕಿತ್ತು. ಇವ್ರು ನೋಡು, ಬರವಣಿಗೇಲಿ ಕೇಳ್ತಿದಾರೆ. ಮೂರು ಕಾಪಿ! ಮೂರು ಬಣ್ಣ!"

"ಭೇಷ್ ಅಣ್ಣಾ," ಎಂದ ಮೀಸೆ.

"ಇದಕ್ಕೆ ನಮ್ಮ ಕಡೆಯಿಂದ ಏನು ಕೊಡಬೇಕು?" ಎಂದು ಕೇಳಿದೆ.

"ದುಡ್ಡಾ? ಛೆ ಛೆ. ನಾನು ಕೇಳೋದು ಸಹಕಾರ." ಸೋದರಮಾವ ಮೀನಿಗೆ ಆಹಾರ ಹಾಕಿದ. "ನಾಳೆಯಿಂದ ನಿಮ್ಮ ಬೀದೀಲಿ ಒಂದು ಸೂಜಿ ಅಲುಗಾಡಲ್ಲ."

"ನಲವತ್ತೊಂದನೇ ಸಾಲು... ನನ್ನ ಮಗಳ ಶೂ..."

"ಹೋದದ್ದು ಹೋಯ್ತು ಯಜಮಾನ್ರೇ. ಮುಂದೆ ಹೋಗಲ್ಲ ಅಂತ ನನ್ನ ಗ್ಯಾರಂಟಿ. ಹಿಂದಿನದು ಕೇಳಬಾರದು."

ಸರಿ ಎಂದು ಎದ್ದೆ. ಬಾಗಿಲವರೆಗೂ ಬಂದವನಿಗೆ ಅಭ್ಯಾಸಬಲ. ತಿರುಗಿ ಹೋಗಿ, "ಇಲ್ಲೊಂದು ಸಹಿ ಮಾಡ್ಬಿಡಿ, ಮೂರರ ಮೇಲೂ," ಎಂದೆ. ಇಷ್ಟು ವರ್ಷ ಯಾರ ಹಾಳೆಗೂ ಸಹಿ ಹಾಕದ ಸೋದರಮಾವ ಅಂಗಿಯ ತೋಳು ಮಡಿಸಿ, ನಾಲಿಗೆ ಹೊರಚಾಚಿ, ಕೆಳಗೆರಡು ಗೆರೆ ಎಳೆದು ಮೂರು ಸಹಿ ಹಾಕಿದ. ಬಿಳಿ ಪ್ರತಿ ಅವನ ಗೋಡೆಗೆ, ಚೌಕಟ್ಟು ಹಾಕಿಸಲು. ಹಳದಿ ನನ್ನ ಚೀಲಕ್ಕೆ. ಗುಲಾಬಿ ಪ್ರತಿ ಮರುದಿನ ಆಫೀಸಿನ ಟಪಾಲಿನ ತಟ್ಟೆಗೆ. ಅದನ್ನು ಅಲ್ಲಿ ಹಾಕಿದ್ದು ನನ್ನ ಕೈ. ನನಗೂ ಅದಕ್ಕೂ ಸಂಬಂಧವಿಲ್ಲ.

ಗುರುವಾರ ಬೆಳಿಗ್ಗೆ ಬೀದಿಯಲ್ಲಿ ಏನೂ ಕಳುವಾಗಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಮೇಷ್ಟ್ರು ಬೇಕೆಂದೇ ಹೊಸ ಬಕೆಟ್ಟೊಂದನ್ನು ಬೀದಿಯ ನಡುವೆ ಇಟ್ಟು ಬಂದರು. ಸಂಜೆ ಅದು ಅಲ್ಲೇ ಇತ್ತು. ಮೇಷ್ಟ್ರು ಎದೆಯುಬ್ಬಿಸಿಕೊಂಡು ನರ್ಸಮ್ಮನ ಬಾಗಿಲು ತಟ್ಟಿ ಬಕೆಟ್ಟು ತೋರಿಸಿದರು. "ಸಾಧಿತ!" ಎಂದರು, ಪ್ರಮೇಯ ಮುಗಿಸಿದ ಧಾಟಿಯಲ್ಲಿ.

"ಮೇಷ್ಟ್ರೇ," ಎಂದರು ನರ್ಸಮ್ಮ, "ಬುಧವಾರ ಹೇಳಿದ್ದು, ಗುರುವಾರ ನಿಂತಿತು. ಅಷ್ಟು ಬೇಗ ನಿಲ್ಲಬೇಕು ಅಂದ್ರೆ ನಲ್ಲಿ ಯಾರ ಕೈಯಲ್ಲಿತ್ತು?"

ಮೇಷ್ಟ್ರು ಬಕೆಟ್ಟು ಎತ್ತಿಕೊಂಡು ಇಳಿದುಹೋದರು.

ಭಾನುವಾರದಿಂದ ಸಹಕಾರ ಶುರುವಾಯಿತು. ಮೀಸೆ ಒಂದು ಕುರ್ಚಿ ತಂದು ನಮ್ಮ ಗೇಟಿನಲ್ಲಿ ಹಾಕಿಕೊಂಡು ಕೂತ. ಯಾರು ಬಂದರು, ಯಾರು ಹೋದರು, ಚೀಲದಲ್ಲೇನಿದೆ ಎಂದು ಕೇಳುತ್ತಿದ್ದ. ತರಕಾರಿ ಗಾಡಿಯವನನ್ನು ಓಡಿಸಿ, ಸೋದರಮಾವನ ಕಡೆಯ ಗಾಡಿಯಿಂದಲೇ ಕೊಳ್ಳಬೇಕೆಂದ. ಆ ಗಾಡಿಯಲ್ಲಿ ಬಾಡಿದ ಎಲೆಕೋಸು ಬಿಟ್ಟು ಬೇರೇನೂ ಇರಲಿಲ್ಲ. ನಾವು ಬೆಳಿಗ್ಗೆ ಸಂಜೆ ಎಲೆಕೋಸು ತಿಂದೆವು. ಕೈ ಕೊಯ್ದುಕೊಂಡ ಸೋದರಮಾವನ ಇಬ್ಬರು ಆಳುಗಳನ್ನು ನರ್ಸಮ್ಮನ ಮನೆಗೆ ಕರೆತಂದು, "ಹೊಲಿಗೆ ಹಾಕಿ, ಯಾರಿಗೂ ಹೇಳ್ಬೇಡಿ" ಎಂದರು. ನರ್ಸಮ್ಮ ಹೊಲಿಗೆಯೇನೋ ಹಾಕಿದರು, ಆದರೆ ಎಷ್ಟು ನಿಧಾನವಾಗಿ, ಎಷ್ಟು ಬುದ್ಧಿಮಾತಿನೊಂದಿಗೆ ಹಾಕಿದರೆಂದರೆ ಅವರಲ್ಲೊಬ್ಬ ಬೇರೆ ಕೆಲಸ ಹುಡುಕುತ್ತೇನೆ ಎಂದು ಅಳುತ್ತ ಹೋದ.

ಎಲ್ಲಕ್ಕಿಂತ ದೊಡ್ಡ ಸಹಕಾರ ಮೇಷ್ಟ್ರದು. ಮೀಸೆಗೆ ಮೂವತ್ತಾರು ವರ್ಷ, ಹತ್ತನೇ ಕ್ಲಾಸು ಪಾಸಾಗಿರಲಿಲ್ಲ. ಗಣಿತ ಹೇಳಿಕೊಡಬೇಕೆಂದು ಆಜ್ಞೆಯಾಯಿತು. ಎರಡು ಮಹಡಿ ಮೇಲಿನ ನಮ್ಮ ಮನೆಗೂ ಪಾಠ ಕೇಳುತ್ತಿತ್ತು.

"ತ್ರಿಕೋನದ ಮೂರು ಕೋನ ಸೇರಿದರೆ ನೂರ ಎಂಬತ್ತು ಡಿಗ್ರಿ."

"ಯಾರು ಹೇಳಿದ್ದು?"

"ಯಾರೂ ಹೇಳಬೇಕಾಗಿಲ್ಲ ಕಣಪ್ಪಾ, ಅದು ಹಾಗೇ."

"ಅಣ್ಣ ಹೇಳಿದ್ರೆ ಇನ್ನೂರು ಮಾಡಬಹುದಾ?"

ಮೇಷ್ಟ್ರ ಕ್ಷೀಣ ದನಿ: "...ಅಣ್ಣನ್ನ ಕೇಳಿ ಹೇಳು."

ಇತ್ತ ಮಗಳು ಐದು ಅಳತೆಯ ಶಾಲೆಯ ಕರಿ ಶೂನಲ್ಲಿ ಎಡಗಾಲು ಬಿಗಿದು, ಬಲಗಾಲಿಗೆ ಬಟ್ಟೆ ತುರುಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಬುಧವಾರ ಎಡಗಾಲಿನ ಬೊಬ್ಬೆ ಒಡೆಯಿತು. ಕುಂಟುತ್ತ ಬಂದು ನನ್ನ ಪಕ್ಕ ಕೂತಳು. "ಅಪ್ಪಾ, ಕಳ್ಳತನ ನಿಂತಿದ್ದು ಸರಿ. ನನ್ನ ಶೂ?" ನಾನು ಅವಳ ತಟ್ಟೆಗೆ ಎಲೆಕೋಸು ಬಡಿಸಿದೆ.

ಗುರುವಾರ ಸಂಜೆ ಹೆಂಡತಿ ನನ್ನ ಚೀಲದಲ್ಲಿ ಕ್ಯಾರಿಯರ್ ಹುಡುಕುವಾಗ ಹಳದಿ ಹಾಳೆ ಸಿಕ್ಕಿತು. ನನ್ನ ಹೆಂಡತಿ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಅಚ್ಚಾದ ಅಕ್ಷರ ಕಂಡರೆ ಬಿಡುವವಳಲ್ಲ. ಔಷಧಿ ಬಾಟಲಿಯ ಹಿಂದಿನ ಸಣ್ಣಕ್ಷರವನ್ನೂ ಓದಿಯೇ ಮಾತ್ರೆ ಕೊಡುವುದು. ಹಾಳೆಯ ಕೆಳತುದಿಗೆ ಬಂದಾಗ ಅವಳ ಹುಬ್ಬು ಮೇಲೇರಿತು.

"ರೀ, ಇದು ಯಾರ ಸಹಿ?"

"ಸೋದರಮಾವನದು."

"ಸಹಿ ಮೇಲೆ ಏನಿದೆ ಓದಿದೀರಾ?"

"ಅಲ್ಲೂ ಏನಾದ್ರೂ ಬರೆದಿದಾರಾ?"

ಅವಳು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದಳು: "'ಮೇಲೆ ನಮೂದಿಸಿದ ವಸ್ತುಗಳೆಲ್ಲವೂ ನನ್ನ ವಶದಲ್ಲಿವೆ. ವಾರಸುದಾರರು ಗುರುತು ಹೇಳಿದ ಕೂಡಲೇ ಹಿಂದಿರುಗಿಸಲು ಬದ್ಧನಾಗಿದ್ದೇನೆ.'"

ನಾನು ಹಾಳೆಗೆ ಕೈ ಹಾಕಿದೆ. "ಅಯ್ಯೋ! ಕಂಪನಿ ನಮೂನೇನ ಹೊರಗಿನವರಿಗೆ ಬಳಸಿಬಿಟ್ಟೆನಲ್ಲೇ! ಕೆಲಸಕ್ಕೇ ಕುತ್ತು!"

"ನಿಮ್ಮ ತಲೆ!" ಎಂದಳು. ಅವಳ ಮುಖದಲ್ಲಿ ಮದುವೆಯಾದ ಹದಿನೈದು ವರ್ಷದಲ್ಲಿ ನಾನು ಕಾಣದ ಬೆಳಕಿತ್ತು. "ಅರವತ್ತಮೂರು ಕಳ್ಳಮಾಲು ನನ್ನ ಹತ್ರ ಇದೆ ಅಂತ ಅವನ ಕೈಯಲ್ಲೇ ಬರೆಸ್ಕೊಂಡು ಬಂದಿದೀರಲ್ರೀ! ಇಷ್ಟು ಬುದ್ಧಿ ನಿಮಗೆ ಎಲ್ಲಿಂದ ಬಂತು?"

ಬುದ್ಧಿ ಬಂದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ, ಅಪರೂಪಕ್ಕೆ ಬಂದ ಮಾತು, ಇರಲಿ ಎಂದು ಮುಚ್ಚಿದೆ.

ತಕ್ಷಣ ಮಗಳನ್ನೂ ಕರೆದುಕೊಂಡು ಠಾಣೆಗೆ ಹೋದೆವು. ಇನ್ಸ್‌ಪೆಕ್ಟರು ಹಾಳೆಯನ್ನು ತುದಿಬೆರಳಲ್ಲಿ ಹಿಡಿದು, ಬಿಸಿ ತಟ್ಟೆಯ ಹಾಗೆ ಹಿಂದೆ ಕೊಟ್ಟರು. "ಬಸ್ ಕಂಪನಿ ಕಾಗದ ಇದು. ಇದನ್ನ ಹಿಡ್ಕೊಂಡು ನಾನು ಅವನ ಮುಂದೆ ಹೋಗಿ ನಿಲ್ಲಲಾ? ಬೀದಿ ತಣ್ಣಗಿದೆ. ತಣ್ಣಗಿರೋಕೆ ಬಿಡಿ." ಹೊರಗೆ ಬಂದಾಗ ಮಗಳು ಕುಂಟುತ್ತ ನಮಗಿಂತ ಮುಂದೆ ನಡೆದಳು. ಅವಳು ಏನಾದರೂ ಕೇಳಿದ್ದರೇ ಚೆನ್ನಾಗಿತ್ತು.

ಶುಕ್ರವಾರ ಬೆಳಿಗ್ಗೆ ಆಫೀಸಿನಲ್ಲಿ ಫೋನು ಬಂತು. ಕೇಂದ್ರ ಕಚೇರಿ.

"ಮೇಲ್ಬೀದಿ ಡಿಪೋ ಅಂತ ಯಾವುದ್ರೀ? ನಕ್ಷೆಯಲ್ಲೇ ಇಲ್ಲ. ಅರವತ್ತಮೂರು ವಸ್ತು ಇಟ್ಕೊಂಡಿದಾರೆ, ಒಂದಕ್ಕೂ ತಿಂಗಳ ವರದಿ ಕಳಿಸಿಲ್ಲ! ಮೇಡಂ ಹೊರಟಿದಾರೆ."

ಫೋನು ಹಿಡಿದುಕೊಂಡೇ ಎದ್ದು ನಿಂತೆ. ಮೇಡಂ ಎಂದರೆ ಕಂಪನಿಯ ತಪಾಸಣಾಧಿಕಾರಿ. ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಐವತ್ತು ಡಿಪೋ ಮ್ಯಾನೇಜರುಗಳು ಅವರ ಕನ್ನಡಕದ ಮಿಂಚು ಕಂಡರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಆಕೆಗೆ ಲೋಕದಲ್ಲಿ ಎರಡೇ ಬಗೆಯ ಜನ: ವರದಿ ಕಳಿಸಿದವರು, ಕಳಿಸದವರು.

ಹೆಂಡತಿಗೆ ಫೋನು ಮಾಡಿದೆ. ಅವಳು ನರ್ಸಮ್ಮನಿಗೆ ಹೇಳಿದಳು. ನರ್ಸಮ್ಮ ಕಟ್ಟಡಕ್ಕೆಲ್ಲ ಹೇಳಿದರು. ಕಂಪನಿಯ ವ್ಯಾನು ಪೀಠೋಪಕರಣದ ಅಂಗಡಿಯ ಮುಂದೆ ನಿಲ್ಲುವ ಹೊತ್ತಿಗೆ ನಮ್ಮ ಹನ್ನೆರಡು ಮನೆಯವರೂ, ಏನೋ ಹಂಚುತ್ತಿದ್ದಾರೆ ಎಂದು ತಿಳಿದ ಮೇಲ್ಬೀದಿಯ ಅರ್ಧ ಜನರೂ ಸೇರಿದ್ದರು. ಮಗಳು ಶಾಲೆಯಿಂದ ನೇರ ಬಂದಿದ್ದಳು, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬ್ಯಾಂಡೇಜು.

ಮೇಡಂ ಇಳಿದರು. ಸೋದರಮಾವ ಮೆಟ್ಟಿಲಿಳಿದು ಬಂದು, ಜನ ನೋಡಿ, ತನಗೇ ಏನೋ ಸನ್ಮಾನ ಎಂದುಕೊಂಡು ಕೈ ಮುಗಿದ.

"ಈ ಸಹಿ ನಿಮ್ಮದೇನಾ?" ಮೇಡಂ ಗುಲಾಬಿ ಹಾಳೆ ಹಿಡಿದರು.

ಇಡೀ ಬೀದಿ ನೋಡುತ್ತಿತ್ತು. ಮೀಸೆ ನೋಡುತ್ತಿದ್ದ. ಇಲ್ಲ ಎನ್ನುವುದು ಸೋದರಮಾವನ ಜಾಯಮಾನಕ್ಕೆ ಒಗ್ಗುವುದಲ್ಲ.

"ನಂದೇ. ನೂರಕ್ಕೆ ನೂರು ನಂದೇ. ಸೋದರಮಾವ ಸಹಿ ಹಾಕಿದ ಅಂದ್ರೆ ಮಾತು ಮಾತೇ!"

"ಒಳ್ಳೇದು. ಹಾಗಾದ್ರೆ ಗೋದಾಮು ತೆಗೀರಿ."

"ಯಾವ ಗೋದಾಮು?" ಎಂದು ಸೋದರಮಾವ ಜೇಬಿಗೆ ಕೈ ಇಳಿಸಿದ.

ಮೇಡಂ ಕನ್ನಡಕ ಏರಿಸಿಕೊಂಡರು. "ಮೇಲಿನ ವಸ್ತುಗಳೆಲ್ಲವೂ ನನ್ನ ವಶದಲ್ಲಿವೆ ಅಂತ ಬರೆದುಕೊಟ್ಟಿದೀರಿ. ವಶದಲ್ಲಿ ಅಂದ್ರೆ ಎಲ್ಲಿ? ಜೇಬಲ್ಲಾ? ಅರವತ್ತಮೂರು ಐಟಂ ಇಟ್ಕೊಂಡು ಒಂದು ವರದಿ ಇಲ್ಲ, ಒಂದು ಫಲಕ ಇಲ್ಲ, ಅಗ್ನಿಶಾಮಕ ಎಲ್ಲಿ? ಮರಳಿನ ಬಕೆಟ್ಟು ಎಲ್ಲಿ? ನಿಂತ್ಕೊಂಡಿರೋ ರೀತಿ ನೋಡಿ! ಕೈ ಜೇಬಿಂದ ತೆಗೀರಿ!"

ಇಪ್ಪತ್ತು ವರ್ಷದಿಂದ ಯಾರೂ ಅವನಿಗೆ ಕೈ ಜೇಬಿನಿಂದ ತೆಗಿ ಎಂದಿರಲಿಲ್ಲ. ಅವನ ಕೈ ತಾನಾಗಿ ಹೊರಬಂತು. ಮೀಸೆಯಂತೂ ಕೇಳುವ ಮೊದಲೇ ಹಿಂಬದಿಯ ಶೆಡ್ಡಿನ ಬೀಗ ತೆಗೆದು, ಬಾಗಿಲ ಪಕ್ಕ ನೆಟ್ಟಗೆ ನಿಂತುಬಿಟ್ಟ. ಒಂದು ವಾರ ಮೇಷ್ಟ್ರ ಪಾಠ ಕೇಳಿದ ಪರಿಣಾಮ ಎಂದು ಮೇಷ್ಟ್ರು ಇವತ್ತಿಗೂ ವಾದಿಸುತ್ತಾರೆ.

ಒಳಗೆ ರಾಶಿ. ಕನ್ನಡಿಗಳು, ಬೆಲ್ಲುಗಳು, ನಲ್ಲಿಗಳು, ಟವೆಲುಗಳು, ಒಂದರ ಮೇಲೊಂದು. ನನಗೆ ಮೈ ಉರಿದುಹೋಯಿತು. ಅಷ್ಟು ವರ್ಷ ಯಾರ ಮೇಲೂ ದನಿ ಎತ್ತದವನು ಸೋದರಮಾವನ ಮುಖಕ್ಕೇ ಕೂಗಿದೆ: "ಒಂದಕ್ಕೂ ಚೀಟಿ ಇಲ್ಲ! ಮನುಷ್ಯರಾ ನೀವು?"

ಮೇಷ್ಟ್ರು ತಮ್ಮ ಕರೆಗಂಟೆಯ ಗುಂಡಿಯನ್ನು ಎತ್ತಿಕೊಂಡರು. ಅಷ್ಟರಲ್ಲಿ ಮೇಲ್ಬೀದಿಯ ಅಜ್ಜಿಯೊಬ್ಬಳು, "ಅಯ್ಯೋ, ಇದು ನನ್ನ ಗಡಿಯಾರ! ಇವನನ್ನ ಕಾವಲಿಗೆ ಒಪ್ಪಿಕೊಳ್ಳೋ ಹಿಂದಿನ ವಾರ ಹೋಗಿದ್ದು!" ಎಂದು ಚೀರಿದಳು. ಆಮೇಲೆ ಇನ್ನೊಬ್ಬಳು ತನ್ನ ಇಸ್ತ್ರಿಪೆಟ್ಟಿಗೆ ಗುರುತಿಸಿದಳು. ಅದೂ ಒಪ್ಪಿಕೊಳ್ಳುವ ಹಿಂದಿನ ವಾರದ್ದೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಗೋಡೆಯ ಕಡೆ ತಿರುಗಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಸುಮ್ಮನೆ ಒಂದು ವೃತ್ತ ಎಳೆದು, ಅದರ ಕೇಂದ್ರವನ್ನು ಅಂಗೈಯಿಂದ ಉಜ್ಜಿ ಅಳಿಸಿದರು.

"ನಲವತ್ತೊಂದು," ಎಂದು ಕರೆದರು ಮೇಡಂ. "ಶೂ."

"ಇದೋ ಇಲ್ಲಿದೆ ಮೇಡಂ," ಎಂದು ಮೀಸೆಯೇ ತಂದುಕೊಟ್ಟ. "ಎಂಥಾ ಶೂ ಇದು! ಐದು ಅಂಗಡಿ ಸುತ್ತಿದೆ, ಯಾವನ ಕಾಲಿಗೂ ಆಗ್ಲಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು."

"ಹೊರಗೆ ಕಾಣದ ಗುರುತು ಹೇಳಬೇಕು," ಎಂದರು ಮೇಡಂ ನನ್ನ ಮಗಳಿಗೆ. ನಿಯಮ ನಿಯಮವೇ.

"ಎಡಗಾಲಿನ ಅಟ್ಟೆ ಕೆಳಗೆ ತೊಗಲಿದೆ," ಎಂದಳು ಮಗಳು. "ಅದರ ಮೇಲೆ ನಾನೂರ ಹದಿನೇಳು ಅಂತ ಒತ್ತಿದೆ. ಹಳೇ ಕಂಡಕ್ಟರ್ ಚೀಲದ ನಂಬರು."

ಮೇಡಂ ಅಟ್ಟೆ ಎತ್ತಿದರು. ನಾನೂರ ಹದಿನೇಳು. ಜನ ಹೋ ಎಂದು ಕೂಗಿದರು. ಮೇಡಂ ಮಾತ್ರ ತೊಗಲನ್ನು ಬೆರಳಿಂದ ಸವರಿ, ಸೋದರಮಾವನ ಕಡೆ ತಿರುಗಿದರು. "ಕಂಪನಿಯ ಆಸ್ತೀನೂ ಇಟ್ಕೊಂಡಿದೀರಿ!"

ಸೋದರಮಾವ ಬೆವರುತ್ತ ಫೋನು ತೆಗೆದು ಇನ್ಸ್‌ಪೆಕ್ಟರಿಗೆ ಮಾಡಿದ. ಎಂದಿನಂತೆ ಒಂದೇ ಫೋನು. ಜೀಪು ಬಂತು. ಇನ್ಸ್‌ಪೆಕ್ಟರು ಇಳಿದು, ತೆರೆದ ಶೆಡ್ಡು, ರಾಶಿ, ಎರಡು ಬೀದಿಯ ಜನ, ಮೀಸೆ ಮೇಲಿನಿಂದ ತಂದು ಹಿಡಿದಿದ್ದ ಚೌಕಟ್ಟಿನ ಬಿಳಿ ಪ್ರತಿ, ಮೇಡಂ ಕೈಯ ಗುಲಾಬಿ ಪ್ರತಿ, ನನ್ನ ಹೆಂಡತಿಯ ಕೈಯ ಹಳದಿ ಪ್ರತಿ ಎಲ್ಲವನ್ನೂ ನೋಡಿದರು. ಮರಳಿ ಜೀಪಿನ ಕಡೆ ಒಂದು ಹೆಜ್ಜೆ ಇಟ್ಟರು.

"ಸಾರ್," ಎಂದಳು ನನ್ನ ಹೆಂಡತಿ, ಎಲ್ಲರಿಗೂ ಕೇಳುವ ಹಾಗೆ. "ನೂರು ಜನರನ್ನ ಹಿಡಿಯೋದಕ್ಕಿಂತ ಒಬ್ಬನ್ನ ಹಿಡಿಯೋದು ಸುಲಭ ಅಂತಿದ್ರಂತಲ್ಲ. ಇಗೋ, ಒಬ್ಬನೇ ಇದಾನೆ. ಹಿಡೀರಿ."

ಇನ್ಸ್‌ಪೆಕ್ಟರು ಹಿಡಿದರು. ಬೇರೆ ದಾರಿ ಇರಲಿಲ್ಲ. ಜೀಪು ಹತ್ತುವಾಗ ಸೋದರಮಾವ ನನ್ನನ್ನು ನೋಡಿ, "ಮೂರು ಬಣ್ಣ ನೋಡಿದಾಗ್ಲೇ ಅನುಮಾನ ಪಡಬೇಕಿತ್ತು," ಎಂದು ನಿಟ್ಟುಸಿರಿಟ್ಟ.

ಶನಿವಾರ ಮೈದಾನಕ್ಕೆ ಕಟ್ಟಡಕ್ಕೆ ಕಟ್ಟಡವೇ ಬಂತು. ನರ್ಸಮ್ಮ ಬೊಬ್ಬೆಗೆ ಕಟ್ಟಿದ ಬ್ಯಾಂಡೇಜನ್ನು ಮೂರು ಸಲ ಬಿಚ್ಚಿ ಕಟ್ಟಿದರು. ಮೇಷ್ಟ್ರು ಟ್ರ್ಯಾಕಿನ ಹೊರಗಿನ ಪಥದಲ್ಲಿ ಓಡಿದರೆ ಎಷ್ಟು ಮೀಟರ್ ಹೆಚ್ಚಾಗುತ್ತದೆ ಎಂದು ಮಗಳಿಗೆ ವಿವರಿಸುವಷ್ಟರಲ್ಲಿ ಓಟ ಶುರುವಾಯಿತು. ಮೊದಲ ಸುತ್ತಿನಲ್ಲಿ ಐದನೆಯವಳು. ಎರಡನೆಯ ಸುತ್ತಿನ ತಿರುವಿನಲ್ಲಿ ಮೂರನೆಯವಳು. ಅಲ್ಲಿಂದ ನಾನು ನೋಡಿಲ್ಲ. ಓಟದ ಸಮಯ ಹಿಡಿಯಲು ತಂದಿದ್ದ ಸ್ಟಾಪ್‌ವಾಚನ್ನು ನಿಲ್ಲಿಸುವ ಬದಲು ಕಿವಿಗೆ ಹಿಡಿದುಕೊಂಡು ಕೂಗುತ್ತಿದ್ದೆನಂತೆ. ಹೆಂಡತಿ ಭುಜ ಹಿಡಿದು ಅಲ್ಲಾಡಿಸಿದಾಗಲೇ ಗೊತ್ತಾದದ್ದು, ನನ್ನ ಮಗಳು ಮೊದಲು ಬಂದಳೆಂದು. ಎರಡು ಮಾರು ಮುಂದೆ.

ಈಗ ನಮ್ಮ ಬೀದಿಯಲ್ಲಿ ಕಳ್ಳತನ ಪೂರ್ತಿ ನಿಂತಿದೆ ಎನ್ನಲಾರೆ. ಹೋದ ವಾರ ಮೇಷ್ಟ್ರ ಹೊಸ ಬಕೆಟ್ಟು ಹೋಯಿತು. ಆದರೆ ಹನ್ನೆರಡು ಕಿಟಕಿಯಿಂದ ಹನ್ನೆರಡು ದನಿ ಒಟ್ಟಿಗೆ ಎದ್ದದ್ದಕ್ಕೆ ಕಳ್ಳ ಬಕೆಟ್ಟನ್ನು ಬೀದಿಯ ತುದಿಯಲ್ಲಿ ಬಿಟ್ಟು ಓಡಿದ. ಹಿಂದೆಯೇ ಇನ್ಸ್‌ಪೆಕ್ಟರೂ ಓಡಿದರು. ಈಗ ದಿನಾ ಸಂಜೆ ಗಸ್ತು ತಿರುಗುತ್ತಾರೆ, ಹೊಟ್ಟೆ ಕರಗಿದೆ. ಮೀಸೆ ಹೇಳಿಕೆ ಕೊಟ್ಟು ಹೊರಬಂದು, ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿದ್ದಾನೆ. ತರಕಾರಿ ಗಾಡಿ ಮರಳಿ ಬಂದಿದೆ. ನಮ್ಮ ಮನೆಯಲ್ಲಿ ಎಲೆಕೋಸಿನ ಹೆಸರೆತ್ತುವ ಹಾಗಿಲ್ಲ. ನನಗೆ ಕೇಂದ್ರ ಕಚೇರಿಯಿಂದ ಎರಡು ಕಾಗದ ಬಂದವು. ಒಂದು, ಕಂಪನಿಯ ನಮೂನೆಯನ್ನು ಹೊರಗಿನವರಿಗೆ ಬಳಸಿದ್ದಕ್ಕೆ ವಿವರಣೆ ಕೇಳಿ. ಇನ್ನೊಂದು, ಒಂದೇ ದಿನದಲ್ಲಿ ಅರವತ್ತಮೂರರಲ್ಲಿ ಅರವತ್ತೊಂದು ವಸ್ತುಗಳನ್ನು ವಾರಸುದಾರರಿಗೆ ಮುಟ್ಟಿಸಿದ ದಾಖಲೆಗೆ ಪ್ರಶಂಸೆ ತಿಳಿಸಿ. ಎರಡಕ್ಕೂ ಮೇಡಂ ಸಹಿ. ಎರಡರ ಕೆಳಗಿನ ಸಣ್ಣಕ್ಷರವನ್ನೂ ಹೆಂಡತಿಯಿಂದ ಓದಿಸಿದ ಮೇಲೆಯೇ ಸಹಿ ಹಾಕಿ ಕಳಿಸಿದೆ.

ಓಟದ ದಿನ ಮಧ್ಯಾಹ್ನ ಮನೆಗೆ ಬಂದಾಗ, ಶೂ ಒಳಗಿಡು ಎಂದೆ ಮಗಳಿಗೆ. ಅವಳು ಕೇಳಲಿಲ್ಲ. ಬಾಗಿಲ ಹೊರಗೆ, ಬೀದಿಗೆ ಕಾಣುವ ಹಾಗೆ, ಐದೂವರೆಯನ್ನೂ ನಾಲ್ಕನ್ನೂ ಜೋಡಿಸಿಟ್ಟು, ನನ್ನ ಚೀಲದಿಂದ ಒಂದು ಚೀಟಿ ತೆಗೆದು, ಏನೋ ಬರೆದು, ಲೇಸಿಗೆ ಕಟ್ಟಿ ಒಳಗೆ ಹೋದಳು. ಬಗ್ಗಿ ಓದಿದೆ.

'ವಾರಸುದಾರರು ಒಳಗೆ ಊಟಕ್ಕೆ ಕೂತಿದ್ದಾರೆ.'